ಅಪ್ಪ ಮಾರಿದ ಸೈಟನ್ನ ಮಗ ವಾಪಸ್ ಕೇಳಬಹುದಾ? ಮೈನರ್ ಆಸ್ತಿ ತೀರ್ಪು ಹೇಳಿದ್ದೇನು, ಹೇಳದೇ ಇರೋದೇನು

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಂದ ಬಂದ ಒಂದು ತೀರ್ಪು ಮೈಸೂರು, ಮಂಡ್ಯ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಎರಡೇ ಸಾಲಾಗಿ ಓಡಾಡ್ತಿದೆ: ಮೈನರ್ ಆಗಿದ್ದಾಗ ಅಪ್ಪ ಅಮ್ಮ ಮಾರಿದ ಆಸ್ತೀನ ಮಕ್ಕಳು 18 ತುಂಬಿದ ಮೇಲೆ ವಾಪಸ್ ತಗೋಬಹುದು, ಅದಕ್ಕೆ ಕೋರ್ಟಿಗೂ ಹೋಗ್ಬೇಕಿಲ್ಲ. ಇದನ್ನ ಓದಿ ಸೈಟ್ ತಗೊಂಡೋರಿಗೆ ಗಾಬರಿ, ಎಂದೋ ಗದ್ದೆ ಮಾರ್ಕೊಂಡ ಮನೆಗಳ ಹುಡುಗರಿಗೆ ಆಸೆ. ಎರಡೂ ಪೂರ್ತಿ ಸರಿ ಇಲ್ಲ. ತೀರ್ಪು ದೊಡ್ಡದೇ, ಆದ್ರೆ ಅದು ಅನ್ವಯ ಆಗೋ ಜಾಗ ಬಹಳ ಚಿಕ್ಕದು, ಆ ಚಿಕ್ಕ ಜಾಗದಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ಗೊತ್ತಾಗ್ಬೇಕಾದ್ರೆ ಎರಡು ಪ್ರಶ್ನೆ ಕೇಳ್ಕೋಬೇಕು. ಮಾರಿದ ಆಸ್ತಿ ಯಾರದು? ಪತ್ರಕ್ಕೆ ಸಹಿ ಹಾಕಿದ್ದು ಯಾರು?

ಶಾಮನೂರಿನ ಎರಡು ಸೈಟು

ಕೇಸು ನಮ್ಮ ರಾಜ್ಯದ್ದೇ. ದಾವಣಗೆರೆಯ ಶಾಮನೂರಿನಲ್ಲಿ 1971ರಲ್ಲಿ ಒಬ್ಬ ತಂದೆ ತನ್ನ ಮೂರು ಜನ ಮೈನರ್ ಗಂಡುಮಕ್ಕಳ ಹೆಸರಲ್ಲಿ ಅಕ್ಕಪಕ್ಕದ ಎರಡು ಸೈಟು ತಗೊಂಡ್ರು, ನಂಬರ್ 56 ಮತ್ತು 57. ಆಮೇಲೆ ಮಕ್ಕಳಿನ್ನೂ ಮೈನರ್ ಇರುವಾಗಲೇ, ಕೋರ್ಟಿನ ಅನುಮತಿ ತಗೊಳ್ದೆ, ಎರಡನ್ನೂ ಬೇರೆ ಬೇರೆಯವರಿಗೆ ಮಾರಿಬಿಟ್ರು. ಮಕ್ಕಳು ದೊಡ್ಡವರಾದ ಮೇಲೆ ಅಪ್ಪ ಮಾರಿದ್ದನ್ನ ರದ್ದು ಮಾಡಿ ಅಂತ ದಾವೆ ಹಾಕ್ಲಿಲ್ಲ, ನೇರವಾಗಿ ಅದೇ ಸೈಟುಗಳನ್ನ ಇನ್ನೊಬ್ಬರಿಗೆ ಕ್ರಯ ಮಾಡ್ಕೊಟ್ರು. ಅವರು ಎರಡನ್ನೂ ಸೇರಿಸಿ ಮನೆ ಕಟ್ಟಿದ್ರು. ಈಗ ಒಂದೇ ಜಾಗಕ್ಕೆ ಎರಡೆರಡು ರಿಜಿಸ್ಟರ್ಡ್ ಪತ್ರ, ಒಂದು ಅಪ್ಪನ ಕಡೆಯಿಂದ ಕೈ ಬದಲಾಯಿಸ್ಕೊಂಡು ಬಂದದ್ದು, ಇನ್ನೊಂದು ಮಕ್ಕಳ ಕಡೆಯಿಂದ ಬಂದದ್ದು.

ಜಗಳ ಕೋರ್ಟಿಗೆ ಬಂತು. 56ನೇ ನಂಬರ್ ಸೈಟಿನ ವಿಷಯದಲ್ಲಿ ಮಕ್ಕಳ ಕಡೆಯ ಮಾರಾಟಕ್ಕೇ ಜಯ ಸಿಕ್ತು. ಪಕ್ಕದ 57ಕ್ಕೆ ಮಾತ್ರ ಟ್ರಯಲ್ ಕೋರ್ಟ್ ಒಂದು ಹೇಳ್ತು, ಮೊದಲ ಅಪೀಲು ಮತ್ತು ಹೈಕೋರ್ಟ್ ಅದಕ್ಕೆ ಉಲ್ಟಾ ಹೇಳಿದ್ವು: ಮಕ್ಕಳು ಟೈಮೊಳಗೆ ದಾವೆ ಹಾಕಿ ರದ್ದು ಮಾಡಿಸ್ಕೊಂಡಿಲ್ಲ, ಹಾಗಾಗಿ ಅಪ್ಪ ಮಾಡಿದ ಕ್ರಯ ಗಟ್ಟಿಯಾಯ್ತು ಅಂತ. ಒಂದೇ ಅಪ್ಪ, ಅದೇ ಮಕ್ಕಳು, ಒಂದೇ ಗೋಡೆ ಅಂತರದ ಸೈಟು, ಆದ್ರೂ ಫಲಿತಾಂಶ ಬೇರೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಂಕಜ್ ಮಿತ್ತಲ್ ಮತ್ತು ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಈ ಗೊಂದಲಕ್ಕೆ ತೆರೆ ಎಳೀತು. ಅನುಮತಿ ಇಲ್ದೆ ಗಾರ್ಡಿಯನ್ (ಮೈನರ್ ಪರವಾಗಿ ಆಸ್ತಿ ನೋಡ್ಕೊಳ್ಳೋ ಪೋಷಕ) ಮಾರಿದ್ದನ್ನ ಮೈನರ್ ದೊಡ್ಡವನಾದ ಮೇಲೆ ದಾವೆ ಹಾಕಿಯೂ ತಿರಸ್ಕರಿಸಬಹುದು, ಅನುಮಾನಕ್ಕೆ ಎಡೆ ಇಲ್ಲದ ಹಾಗೆ ತನ್ನ ನಡತೆಯಿಂದಲೂ ತಿರಸ್ಕರಿಸಬಹುದು, ಅದೇ ಆಸ್ತೀನ ಬೇರೆಯವರಿಗೆ ಮಾರೋದು ಅಂಥ ನಡತೆ ಅಂತ ಹೇಳ್ತು. ಆದ್ರೆ ಕಾಲಮಿತಿ ಒಳಗೆ. ವಾಟ್ಸಾಪಲ್ಲಿ ಬಿದ್ದುಹೋಗಿರೋದು ಈ ಕೊನೇ ಮಾತೇ.

ಮಗುವಿನ ಸಹಿ ಬೇರೆ, ಅಪ್ಪನ ಸಹಿ ಬೇರೆ

ನಮ್ಮ ಕಾಂಟ್ರಾಕ್ಟ್ ಕಾಯ್ದೆ 1872ರದ್ದು. ಅದರ 11ನೇ ಸೆಕ್ಷನ್ ಪ್ರಕಾರ ಒಪ್ಪಂದ ಮಾಡ್ಕೊಳ್ಳೋರು ಪ್ರಾಯಕ್ಕೆ ಬಂದಿರಬೇಕು, ಮನಸ್ಸು ಸ್ಥಿಮಿತದಲ್ಲಿರಬೇಕು. 18 ತುಂಬದೇ ಇರೋರು ತಾವೇ ಸಹಿ ಹಾಕಿದ್ರೆ ಏನಾಗುತ್ತೆ ಅಂತ ಕಾಯ್ದೆ ಬಿಡಿಸಿ ಹೇಳಿರಲಿಲ್ಲ, ಅದನ್ನ ತೀರ್ಮಾನ ಮಾಡಿದ್ದು 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಕೊನೇ ಅಪೀಲು ಹೋಗ್ತಿದ್ದ ಲಂಡನ್ನಿನ ಕೋರ್ಟು), ಮೊಹೊರಿ ಬೀಬಿ ಕೇಸಲ್ಲಿ. ಕಲ್ಕತ್ತಾದ ಒಬ್ಬ ಮೈನರ್ ಹುಡುಗ ಮನೆ ಅಡ ಇಟ್ಟು ಸಾಲದ ಪತ್ರ ಬರ್ಕೊಟ್ಟಿದ್ದ, ಸಾಲ ಕೊಡೋರ ಕಡೆಯ ಏಜೆಂಟಿಗೆ ಅವನು ಮೈನರ್ ಅಂತ ಮೊದಲೇ ತಿಳಿಸಲಾಗಿತ್ತು. ಪ್ರಿವಿ ಕೌನ್ಸಿಲ್ ಹೇಳಿದ್ದು, ಇದು ಆಮೇಲೆ ರದ್ದು ಮಾಡಬೇಕಾದ ಒಪ್ಪಂದ ಅಲ್ಲ, ಶುರುವಿಂದಲೇ ಒಪ್ಪಂದವೇ ಅಲ್ಲ. ವಕೀಲರು ಇದನ್ನೇ ವಾಯ್ಡ್ ಅಂತಾರೆ. ಆ ಹುಡುಗ 18 ತುಂಬಿದ ಮೇಲೆ ನಾನು ಒಪ್ಕೊಂಡೆ ಅಂದ್ರೂ ಅದಕ್ಕೆ ಜೀವ ಬರಲ್ಲ, ಹೊಸದಾಗಿಯೇ ಮಾಡ್ಕೋಬೇಕು. ಹುಡುಗ ವಯಸ್ಸು ಸುಳ್ಳು ಹೇಳಿದ್ರೂ ಅಷ್ಟೇ, ಸುಳ್ಳು ಹೇಳಿದ್ದಕ್ಕೆ ಒಪ್ಪಂದ ಗಟ್ಟಿ ಆಗಲ್ಲ, ಆದ್ರೆ ಪಡೆದ ಲಾಭ ಕೈಯಲ್ಲಿದ್ರೆ ಅದನ್ನ ಹಿಂತಿರುಗಿಸು ಅಂತ ಕೋರ್ಟ್ ಹೇಳಬಹುದು. ಊಟ, ಬಟ್ಟೆ, ಓದು, ಔಷಧಿ ತರಹದ ಅಗತ್ಯಗಳನ್ನ ಯಾರಾದ್ರೂ ಒದಗಿಸಿದ್ರೆ ಮಾತ್ರ 68ನೇ ಸೆಕ್ಷನ್ ಪ್ರಕಾರ ಮೈನರ್ ಆಸ್ತಿಯಿಂದ ವಸೂಲು ಮಾಡಬಹುದು, ಅವನ ಮೈಮೇಲೆ ಸಾಲ ಬರಲ್ಲ.

ಶಾಮನೂರಿನ ಕೇಸಲ್ಲಿ ಸಹಿ ಹಾಕಿದ್ದು ಮಕ್ಕಳಲ್ಲ, ಅಪ್ಪ. ಇಲ್ಲಿಗೆ ಬರೋದು ಬೇರೆ ಕಾಯ್ದೆ, 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ. ಅದರ 8ನೇ ಸೆಕ್ಷನ್ ಪ್ರಕಾರ ಮೈನರ್ ಸ್ವಂತ ಸ್ಥಿರಾಸ್ತಿಯನ್ನ ಅಪ್ಪ ಆಗಲಿ ಅಮ್ಮ ಆಗಲಿ ಕೋರ್ಟಿನ ಅನುಮತಿ ಇಲ್ದೆ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ, ದಾನ ಕೊಡೋ ಹಾಗಿಲ್ಲ, 5 ವರ್ಷಕ್ಕಿಂತ ಜಾಸ್ತಿ ಲೀಸಿಗೂ ಕೊಡೋ ಹಾಗಿಲ್ಲ. ಕೊಟ್ರೆ ಅದು ತಕ್ಷಣ ಸತ್ತ ಪತ್ರ ಆಗಲ್ಲ, ಮೈನರ್ ಬೇಡ ಅನ್ನೋವರೆಗೂ ನಿಂತಿರುತ್ತೆ, ಬೇಡ ಅಂದ್ರೆ ಬೀಳುತ್ತೆ. ಇದು ವಾಯ್ಡಬಲ್. ಬೇಡ ಅನ್ನೋ ಹಕ್ಕು ಆ ಮಗುವಿಗೆ ಮತ್ತು ಮಗುವಿನ ಹಕ್ಕಿನ ಮೂಲಕ ಬರೋರಿಗೆ ಮಾತ್ರ, ಮಾರಿದ ಅಪ್ಪನಿಗೂ ಇಲ್ಲ, ತಗೊಂಡೋರಿಗೂ ಇಲ್ಲ.

ಇನ್ನು ಅಪ್ಪ ಅಮ್ಮ ಬಿಟ್ಟು ಅಕ್ಕನೋ, ಸೋದರಮಾವನೋ, ಚಿಕ್ಕಪ್ಪನೋ ನಾನೇ ನೋಡ್ಕೊಳ್ತಿದ್ದೀನಿ ಅಂತ ಮಾರಿದ್ರೆ ಪರಿಸ್ಥಿತಿ ಇನ್ನೂ ಬಿಗಿ. ಅದೇ 1956ರ ಕಾಯ್ದೆಯ 11ನೇ ಸೆಕ್ಷನ್ ಅವರಿಗೆ ಮಾರೋ ಅಧಿಕಾರವನ್ನೇ ಕೊಟ್ಟಿಲ್ಲ, ಆ ಮಾರಾಟ ಶುರುವಿಂದಲೇ ಇಲ್ಲ. ಅಪ್ಪ ತೀರ್ಕೊಂಡ ಮನೆಗಳಲ್ಲಿ ಹಿರಿಯರು ಸೇರಿ ಪಂಚಾಯ್ತಿ ಮಾಡಿ ದೊಡ್ಡಪ್ಪನ ಕೈಲಿ ಸಹಿ ಹಾಕಿಸೋದು ನಮ್ಮ ಹಳ್ಳಿಗಳಲ್ಲಿ ನಡೆಯುತ್ತೆ, ಉದ್ದೇಶ ಒಳ್ಳೇದೇ ಇರಬಹುದು, ಆದ್ರೆ ತಾಯಿ ಬದುಕಿರುವಾಗ ದೊಡ್ಡಪ್ಪ ಆ ಮಗುವಿನ ಆಸ್ತಿಗೆ ಗಾರ್ಡಿಯನ್ ಅಲ್ಲ.

ಪಿತ್ರಾರ್ಜಿತ ಗದ್ದೆಗೆ ಈ ದಾರಿ ಇಲ್ಲ

ಮಂಡ್ಯದವರು ನಿಂತು ಓದಬೇಕಾದ ಭಾಗ ಇದು, ಯಾಕಂದ್ರೆ ಇಲ್ಲಿ ಮಾರಾಟ ಆಗೋ ಜಮೀನಲ್ಲಿ ಎಷ್ಟೋ ಒಟ್ಟು ಕುಟುಂಬದ್ದೇ. ತಾತನ ಕಾಲದಿಂದ ಬಂದ, ಇನ್ನೂ ಭಾಗ ಆಗದ ಜಮೀನಲ್ಲಿ ಮಗುವಿಗೆ ಹುಟ್ಟಿನಿಂದಲೇ ಪಾಲಿದೆ, 2005ರ ತಿದ್ದುಪಡಿ ಆದ್ಮೇಲೆ ಹೆಣ್ಣುಮಗುವಿಗೂ ಇದೆ, ಅದು ನಿಜ. ಆದ್ರೆ ಆ ಭಾಗ ಆಗದ ಪಾಲಿಗೆ 8ನೇ ಸೆಕ್ಷನ್ ಅನ್ವಯ ಆಗಲ್ಲ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಯಜಮಾನ ಕುಟುಂಬದ ನಿಜವಾದ ಅಗತ್ಯಕ್ಕೆ ಮಾರಿದ್ರೆ ಮೈನರ್ ಪಾಲೂ ಸೇರಿ ಹೋಗುತ್ತೆ, ಕೋರ್ಟಿನ ಅನುಮತಿ ಬೇಕಿಲ್ಲ. ಮಗ ದೊಡ್ಡವನಾದ ಮೇಲೆ ಪ್ರಶ್ನೆ ಮಾಡಬಹುದು, ಆದ್ರೆ ಆಗ ನಡೆಯೋ ಜಗಳ ಅನುಮತಿ ಇತ್ತಾ ಅಂತ ಅಲ್ಲ, ಅಗತ್ಯ ಇತ್ತಾ ಅಂತ. ಸಾಲ ತೀರಿಸೋಕೆ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಮಾರಿದ್ರೆ ಮಗನಿಗೆ ಸಿಗೋದು ಕಷ್ಟ, ಇಸ್ಪೀಟಿಗೆ ಕಳೆಯೋಕೆ ಮಾರಿದ್ರೆ ಬೇರೆ ಮಾತು.

ನಮ್ಮ ಕಡೆ ಕ್ರಯಪತ್ರಗಳಲ್ಲಿ ಪತ್ರ ಬರೆಯೋರು ರೂಢಿಯಿಂದ ಒಂದು ಸಾಲು ಸೇರಿಸ್ತಾರೆ, "ನಮ್ಮ ಸಂಸಾರದ ಕಾನೂನುಬದ್ಧ ಅವಶ್ಯಕತೆಗಾಗಿ ಮತ್ತು ಮೈನರ್ ಮಕ್ಕಳ ವಿದ್ಯಾಭ್ಯಾಸದ ಖರ್ಚಿಗಾಗಿ" ಅಂತ. ಒಟ್ಟು ಕುಟುಂಬದ ಜಮೀನಾದ್ರೆ ಈ ಸಾಲಿಗೆ ಸ್ವಲ್ಪ ಬೆಲೆ ಇದೆ, ಅದೊಂದೇ ಸಾಕ್ಷಿ ಅಲ್ಲದಿದ್ರೂ ಅಗತ್ಯದ ಕಡೆ ಕೈ ತೋರಿಸುತ್ತೆ. ಅದೇ ಸಾಲನ್ನ ಮಗುವಿನ ಸ್ವಂತ ಸೈಟಿನ ಪತ್ರದಲ್ಲಿ ಬರೆದ್ರೆ ಅದು ಕೋರ್ಟಿನ ಅನುಮತಿಗೆ ಬದಲಾಗಿ ನಿಲ್ಲಲ್ಲ. ಎಷ್ಟೋ ಜನ ತಗೊಳ್ಳೋರು ಈ ಸಾಲು ನೋಡಿ ಸಮಾಧಾನ ಮಾಡ್ಕೊಂಡುಬಿಡ್ತಾರೆ.

ಹಾಗಾದ್ರೆ ಮಗುವಿನ ಸ್ವಂತ ಆಸ್ತಿ ಅಂದ್ರೆ ಯಾವುದು? ಮಗುವಿನ ಹೆಸರಲ್ಲೇ ತಗೊಂಡ ಸೈಟು, ತಾತ ತನ್ನ ಸ್ವಯಾರ್ಜಿತದಲ್ಲಿ ಮೊಮ್ಮಗನಿಗೆ ವಿಲ್ ಬರೆದದ್ದು, ಅಜ್ಜಿ ದಾನಪತ್ರ ಮಾಡಿಕೊಟ್ಟದ್ದು, ವಿಭಾಗ ಪತ್ರದಲ್ಲಿ ಮೈನರ್ ಪಾಲಿಗೆ ಅಂತ ಬೇರೆ ಷೆಡ್ಯೂಲ್ ಹಾಕಿ ಬಿಟ್ಟದ್ದು. ವಿಭಾಗ ಆದ ದಿನದಿಂದ ಅದೇ ಗದ್ದೆಯ ಲೆಕ್ಕ ಬದಲಾಗುತ್ತೆ, ನಿನ್ನೆವರೆಗೂ ಯಜಮಾನ ಮಾರಬಹುದಾಗಿದ್ದ ತುಂಡಿಗೆ ಇವತ್ತಿಂದ ಕೋರ್ಟಿನ ಅನುಮತಿ ಬೇಕು.

ಕೋರ್ಟುಗಳಲ್ಲೇ ಎರಡು ಮಾತು ಯಾಕೆ

ಒಂದು ಕಡೆಯ ವಾದ ಹೀಗೆ. ರಿಜಿಸ್ಟರ್ ಆದ ಪತ್ರ ಒಂದಿದೆ, ಅದರ ಮೇಲೆ ನಂಬಿಕೆ ಇಟ್ಟು ದುಡ್ಡು ಕೊಟ್ಟಿದ್ದಾರೆ, ಮನೆ ಕಟ್ಟಿದ್ದಾರೆ, ಬ್ಯಾಂಕ್ ಲೋನ್ ಕೊಟ್ಟಿದೆ, ಅದನ್ನ ಬೀಳಿಸಬೇಕಾದ್ರೆ ಕೋರ್ಟಿಗೇ ಬರಬೇಕು. ದಾವೆಗಳಿಗೆ ಕಾಲಮಿತಿ ಹಾಕೋ ಲಿಮಿಟೇಶನ್ ಕಾಯ್ದೆಯ 60ನೇ ಆರ್ಟಿಕಲ್ ಗಾರ್ಡಿಯನ್ ಮಾರಿದ್ದನ್ನ ರದ್ದು ಮಾಡಿಸೋಕೆ ಮೈನರ್‌ಗೆ 18 ತುಂಬಿದ ಮೇಲೆ 3 ವರ್ಷ ಕೊಟ್ಟಿದೆ, ಅಂದ್ರೆ 21ರವರೆಗೆ, ದಾವೆಯೇ ಬೇಡ ಅನ್ನೋದಾದ್ರೆ ಈ 3 ವರ್ಷ ಯಾಕೆ? 2001ರಲ್ಲಿ ಸುಪ್ರೀಂ ಕೋರ್ಟೇ ಒಂದು ಕೇಸಲ್ಲಿ, ಮಾರಾಟ ರದ್ದು ಮಾಡಿ ಅಂತ ಟೈಮೊಳಗೆ ಕೇಳದೇ ಬರೀ ಸ್ವಾಧೀನ ಕೊಡಿಸಿ ಅಂತ ಬಂದವರನ್ನ ವಾಪಸ್ ಕಳಿಸಿತ್ತು.

ಇನ್ನೊಂದು ಕಡೆಯ ವಾದ: ಕಾಯ್ದೆ ವಾಯ್ಡಬಲ್ ಅಂತ ಹೇಳಿದೆ, ದಾವೆ ಮೂಲಕವೇ ಅಂತ ಎಲ್ಲೂ ಹೇಳಿಲ್ಲ. ಆ ಮಗುವಿಗೆ ಮಾರಾಟ ಆಗಿದ್ದೇ ಗೊತ್ತಿಲ್ಲದೇ ಇರಬಹುದು. ಜಾಗ ಅವನ ಸ್ವಾಧೀನದಲ್ಲೇ ಇರಬಹುದು, ಖಾತೆ ಅವನ ಹೆಸರಲ್ಲೇ ಮುಂದುವರಿದಿರಬಹುದು. ಹೀಗಿರುವಾಗ ಅವನು ಯಾಕೆ ಕೋರ್ಟಿಗೆ ಹೋಗಬೇಕು? 2025ರ ತೀರ್ಪು ಈ ಕಡೆಗೆ ವಾಲಿದೆ. ಮಗುವಿನ ರಕ್ಷಣೆಗೆ ಅಂತ ಮಾಡಿದ ಕಾಯ್ದೆಯನ್ನ ಮಗುವಿನ ಪರವಾಗೇ ಓದಬೇಕು ಅನ್ನೋದು ಅದರ ಹಿಂದಿರೋ ತಿಳುವಳಿಕೆ, ಅದು ನನಗೂ ಸರಿ ಅನ್ಸುತ್ತೆ. ಅನುಮತಿ ತಗೊಳ್ಳದೇ ತಪ್ಪು ಮಾಡಿದ್ದು ಅಪ್ಪ, ಅನುಮತಿ ಕೇಳದೇ ತಗೊಂಡಿದ್ದು ಖರೀದಿದಾರ, ಎಂಟೋ ಹತ್ತೋ ವರ್ಷದ ಮಗು ಅಲ್ಲ.

ಆದ್ರೆ ಇದರಿಂದ ಹುಟ್ಟೋ ಕಷ್ಟಾನೂ ಒಪ್ಕೋಬೇಕು. ದಾವೆ ಹಾಕಿದ್ರೆ ಕೋರ್ಟಿನ ದಾಖಲೆಯಲ್ಲಿ ಸಿಗುತ್ತೆ. ನಡತೆಯಿಂದ ತಿರಸ್ಕರಿಸಿದ್ದು ಇಸಿಯಲ್ಲಿ (ಆಸ್ತಿ ಮೇಲೆ ಆದ ರಿಜಿಸ್ಟರ್ಡ್ ವ್ಯವಹಾರಗಳ ಋಣಭಾರ ಪಟ್ಟಿ) ಕಾಣೋದು ಅವನು ಇನ್ನೊಬ್ಬರಿಗೆ ರಿಜಿಸ್ಟರ್ ಮಾಡ್ಕೊಟ್ಟಾಗ ಮಾತ್ರ. ಅಲ್ಲಿವರೆಗೂ ಮೊದಲ ಖರೀದಿದಾರನಿಂದ ತಗೊಳ್ಳೋ ಮೂರನೆಯವರಿಗೆ ಏನೂ ಗೊತ್ತಾಗಲ್ಲ.

57ನೇ ಸೈಟಿನ ಕೇಸಲ್ಲಿ ಇನ್ನೊಂದು ಪಾಠಾನೂ ಇದೆ. ದಾವೆ ಹಾಕಿದ, ಅಪ್ಪನ ಕಡೆಯ ಪತ್ರದ ಖರೀದಿದಾರರು ತಾವೇ ಕಟಕಟೆಗೆ ಬರಲಿಲ್ಲ, ಪವರ್ ಆಫ್ ಅಟಾರ್ನಿ ಇರೋರ ಕೈಲಿ ಸಾಕ್ಷಿ ಹೇಳಿಸಿದ್ರು. ಯಜಮಾನರಿಗೇ ಖುದ್ದು ಗೊತ್ತಿರೋ ವಿಷಯಕ್ಕೆ ಏಜೆಂಟ್ ಸಾಕ್ಷಿ ಹೇಳೋಕಾಗಲ್ಲ ಅಂತ ಕೋರ್ಟ್ ಅದನ್ನ ಒಪ್ಪಲಿಲ್ಲ, ಹಾಗಾಗಿ ಅವರ ಹಕ್ಕೂ ಸಾಬೀತಾಗಲಿಲ್ಲ.

ತಗೊಳ್ಳೋರು ಎಲ್ಲಿ ನೋಡಬೇಕು

ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆ ಆಯ್ತು, ಅದರ ಆಸುಪಾಸಿನ ಜಮೀನಿನ ರೇಟು ಎಲ್ಲಿಗೆ ಹೋಗಿದೆ ಅಂತ ಮದ್ದೂರು, ಶ್ರೀರಂಗಪಟ್ಟಣ ಕಡೆಯವರಿಗೆ ಹೇಳಬೇಕಿಲ್ಲ. ರೇಟು ಏರಿದಾಗ ಹಳೇ ಪತ್ರಗಳು ಬೀರುವಿಂದ ಆಚೆ ಬರ್ತವೆ. ಒಂದು ಉದಾಹರಣೆ ಅಂದ್ಕೊಳ್ಳಿ: ತಾತ ಸ್ವಂತ ದುಡಿಮೆಯ 20 ಗುಂಟೇನ ಮೊಮ್ಮಗನಿಗೆ ವಿಲ್ ಬರೆದು ಹೋದ್ರು, 2012ರಲ್ಲಿ ಅಪ್ಪ ಅನುಮತಿ ಇಲ್ದೆ ಅದನ್ನ ಮಾರಿದ್ರು, ಆಗ ಹುಡುಗನಿಗೆ 5 ವರ್ಷ. ಅವನಿಗೆ 18 ಆಗಿದ್ದು 2025ರಲ್ಲಿ. 2028ರವರೆಗೂ ಆ 20 ಗುಂಟೆ ಮೇಲೆ ಅವನ ಮಾತು ಬಾಕಿ ಇದೆ, ಮಧ್ಯೆ ಅದು ಎಷ್ಟು ಕೈ ಬದಲಾಗಿದ್ರೂ, ಲೇಔಟ್ ಆಗಿದ್ರೂ. ಅದೇ ಇನ್ನೊಬ್ಬ ಹುಡುಗನಿಗೆ ಈಗ 30 ವರ್ಷ, ಇಷ್ಟು ದಿನ ಸುಮ್ಮನಿದ್ದು ಈಗ ತೀರ್ಪು ನೋಡಿ ಎದ್ದಿದ್ದಾನೆ ಅಂದ್ರೆ ಅವನಿಗೆ ಈ ತೀರ್ಪಿಂದ ಬಾಗಿಲು ತೆರೆಯೋದು ಬಹಳ ಕಷ್ಟ.

ಸಬ್ ರಿಜಿಸ್ಟ್ರಾರ್ ನೋಡಿರ್ತಾರಲ್ಲ ಅನ್ನೋ ಧೈರ್ಯ ಬೇಡ. ಎದುರಿಗೆ ಬಂದು ಸಹಿ ಹಾಕೋರು ಮೈನರ್ ಥರ ಅಥವಾ ಬುದ್ಧಿ ಸ್ಥಿಮಿತ ಇಲ್ಲದೋರ ಥರ ಕಂಡ್ರೆ ರಿಜಿಸ್ಟ್ರೇಶನ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಅವರು ನಿರಾಕರಿಸಬೇಕು, ಅದು ಸರಿ. ಆದ್ರೆ ಇಲ್ಲಿ ಎದುರಿಗೆ ಕೂತಿರೋದು 45 ವರ್ಷದ ಅಪ್ಪ. ಆಸ್ತಿಯ ಹಕ್ಕು ಸರಿ ಇದೆಯಾ ಅಂತ ಒಳಗಿಳಿದು ನೋಡೋದು ಅವರ ಕೆಲಸ ಅಲ್ಲ. ನೋಡಬೇಕಾದ್ದು ಮದರ್ ಡೀಡ್‌ನಲ್ಲಿ, ಅಂದ್ರೆ ಆಸ್ತಿ ಯಾರಿಂದ ಯಾರಿಗೆ ಬಂತು ಅಂತ ತೋರಿಸೋ ಹಿಂದಿನ ಮೂಲಪತ್ರಗಳಲ್ಲಿ. ಯಾವುದೋ ಒಂದು ಹಂತದಲ್ಲಿ ಮಾಲೀಕರ ಹೆಸರಿನ ಪಕ್ಕ "ಮೈನರ್, ಇವರ ಪರವಾಗಿ ತಂದೆ" ಅಂತ ಇದ್ದು, ಮುಂದಿನ ಕ್ರಯ ಆ ಮಗು 18 ದಾಟೋ ಮೊದಲೇ ಆಗಿದ್ರೆ, ಕೋರ್ಟಿನ ಆರ್ಡರ್ ಪ್ರತಿ ಕೇಳಬೇಕು. ಇಲ್ಲ ಅಂದ್ರೆ, ಆ ಮಗು ಈಗ ದೊಡ್ಡವನಾಗಿದ್ರೆ, ಅವನ ಕೈಲಿ ಹಿಂದಿನ ಮಾರಾಟ ಒಪ್ಪಿದ್ದೀನಿ ಅಂತ ಕನ್ಫರ್ಮೇಶನ್ ಡೀಡ್ ರಿಜಿಸ್ಟರ್ ಮಾಡಿಸ್ಕೋಬಹುದು. ಹಿಂದೆ ಮಾರಿದ್ದು ದೊಡ್ಡಪ್ಪನೋ ಅಕ್ಕನೋ ಆಗಿದ್ರೆ ಅದೂ ಸಾಲಲ್ಲ, ಹೊಸ ಕ್ರಯಪತ್ರವೇ ಬೇಕು.

ಮಾರೋ ಅಪ್ಪ ಅಮ್ಮಂದಿರಿಗೂ ದಾರಿ ಮುಚ್ಚಿಲ್ಲ. ಆಸ್ತಿ ಇರೋ ಜಿಲ್ಲೆಯ ಕೋರ್ಟಿಗೆ ಅರ್ಜಿ ಹಾಕಿ, ಮಗುವಿನ ಜನನ ಪ್ರಮಾಣಪತ್ರ, ಆಸ್ತಿ ದಾಖಲೆ, ಯಾಕೆ ಮಾರ್ತಿದ್ದೀವಿ, ಎಷ್ಟಕ್ಕೆ ಅಂತ ಹೇಳ್ಬೇಕು. ಅಗತ್ಯ ಇದೆ ಅಥವಾ ಮಗುವಿಗೇ ಎದ್ದು ಕಾಣೋ ಲಾಭ ಇದೆ ಅಂತ ಮನವರಿಕೆ ಆದ್ರೆ ಕೋರ್ಟ್ ಒಪ್ಪುತ್ತೆ, ಬಂದ ಹಣವನ್ನ ಮಗುವಿನ ಹೆಸರಲ್ಲಿ ಎಫ್‌ಡಿ ಇಡಿ ಅಂತ ಷರತ್ತೂ ಹಾಕಬಹುದು. ತಿಂಗಳುಗಟ್ಟಲೆ ಹಿಡಿಯುತ್ತೆ, ಖರ್ಚೂ ಇದೆ, ಆದ್ರೆ ಆ ಒಂದು ಆರ್ಡರ್ ಇದ್ರೆ 21ರವರೆಗೂ ತೂಗಾಡೋ ಪ್ರಶ್ನೆ ಅಲ್ಲೇ ಮುಗಿಯುತ್ತೆ.

ಮನಸ್ಸು ಸ್ಥಿಮಿತ ಇಲ್ಲದವರ ಸಹಿ

ಮಕ್ಕಳ ವಿಷಯದಲ್ಲಿ 18 ಅನ್ನೋ ಒಂದು ಗೆರೆ ಇದೆ. ದೊಡ್ಡವರ ವಿಷಯದಲ್ಲಿ ಅಂಥ ಗೆರೆ ಇಲ್ಲ, ಅದಕ್ಕೇ ಅಲ್ಲಿ ಸಂಕಟ ಜಾಸ್ತಿ. ಕಾಂಟ್ರಾಕ್ಟ್ ಕಾಯ್ದೆಯ 12ನೇ ಸೆಕ್ಷನ್ ಕೇಳೋದು, ಸಹಿ ಹಾಕೋ ಹೊತ್ತಲ್ಲಿ ಆ ಮನುಷ್ಯನಿಗೆ ಏನು ಮಾಡ್ತಿದ್ದೀನಿ ಅಂತ ಅರ್ಥ ಆಗ್ತಿತ್ತಾ, ತನ್ನ ಒಳಿತಿಗೆ ಏನು ಪರಿಣಾಮ ಅಂತ ಯೋಚನೆ ಮಾಡೋ ಶಕ್ತಿ ಇತ್ತಾ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಸಹಿ ಬೀಳಲ್ಲ. ಸಾಮಾನ್ಯವಾಗಿ ಸ್ಥಿಮಿತದಲ್ಲಿರೋರು ಆ ಹೊತ್ತಲ್ಲಿ ಇರಲಿಲ್ಲ ಅಂತ ಯಾರು ಹೇಳ್ತಾರೋ ಅವರೇ ಸಾಬೀತು ಮಾಡ್ಬೇಕು, ಸಾಮಾನ್ಯವಾಗಿ ಸ್ಥಿಮಿತದಲ್ಲಿ ಇಲ್ಲದೋರು ಆ ಹೊತ್ತಲ್ಲಿ ಸರಿಯಾಗಿದ್ರು ಅನ್ನೋದಾದ್ರೆ ಹಾಗೆ ಹೇಳೋರ ಮೇಲೆ ಭಾರ. ಮರೆವಿನ ಕಾಯಿಲೆ ಶುರುವಾಗಿರೋ ತಂದೆ ದಾನಪತ್ರಕ್ಕೆ ಸಹಿ ಹಾಕಿದ್ರೆ, ಅವತ್ತಿನ ದಿನದ ಡಾಕ್ಟರ್ ಸರ್ಟಿಫಿಕೇಟು, ಅವರಿಗೆ ಪತ್ರ ಓದಿ ಹೇಳಿದ ಸಾಕ್ಷಿಗಳು, ಇವೇ ಮುಂದೆ ಕೇಸಿನ ಜೀವಾಳ. ಹಾಸಿಗೆ ಹಿಡಿದಿದ್ರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ರಿಜಿಸ್ಟರ್ ಮಾಡೋ ಅವಕಾಶ ರಿಜಿಸ್ಟ್ರೇಶನ್ ಕಾಯ್ದೆಯಲ್ಲಿದೆ. ಆದ್ರೆ ಅದು ನಡೆಯೋಕಾಗದವರಿಗೆ ಅನುಕೂಲ, ಅರ್ಥ ಆಗದವರಿಗೆ ಅರ್ಥ ಮಾಡಿಸೋ ದಾರಿ ಅಲ್ಲ.

ಅರಿವಿದ್ದೂ ಒಬ್ಬರ ಹಂಗಲ್ಲಿ ಇದ್ದಾರೆ ಅನ್ನೋ ಸ್ಥಿತೀನೂ ಇದೆ. ವಯಸ್ಸು, ಕಾಯಿಲೆಯಿಂದ ಕುಗ್ಗಿದವರ ಮೇಲೆ ಪ್ರಭಾವ ಬೀರಿ ಬರೆಸ್ಕೊಂಡಿದ್ರೆ ಕಾಂಟ್ರಾಕ್ಟ್ ಕಾಯ್ದೆಯ 16ನೇ ಸೆಕ್ಷನ್ ಅಡಿ ಪ್ರಶ್ನಿಸಬಹುದು. ನೋಡ್ಕೊಳ್ತೀವಿ ಅನ್ನೋ ಷರತ್ತಿನ ಮೇಲೆ ಬರೆಸ್ಕೊಂಡು ಕೈಬಿಟ್ರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಉಪವಿಭಾಗಾಧಿಕಾರಿ ಮುಂದೆ ಪತ್ರ ರದ್ದು ಕೇಳಬಹುದು.

ಜಿಪಿಎ ಇದ್ರೂ ಕೈ ಕಟ್ಟಿದ ಹಾಗೆ

ಮನೆಯವರು ಬಹಳ ಸಲ ನಂಬ್ಕೊಂಡಿರೋದು ಜಿಪಿಎ, ಅಂದ್ರೆ ತಮ್ಮ ಪರವಾಗಿ ವ್ಯವಹಾರ ಮಾಡೋಕೆ ಇನ್ನೊಬ್ಬರಿಗೆ ಅಧಿಕಾರ ಕೊಡೋ ಜನರಲ್ ಪವರ್ ಆಫ್ ಅಟಾರ್ನಿ. ಅಪ್ಪ ಚೆನ್ನಾಗಿದ್ದಾಗ ಮಗನ ಹೆಸರಿಗೆ ಜಿಪಿಎ ಮಾಡ್ಕೊಟ್ಟಿದ್ರು, ಈಗ ಸ್ಟ್ರೋಕ್ ಆಗಿ ಯಾರನ್ನೂ ಗುರುತು ಹಿಡೀತಿಲ್ಲ, ಆಸ್ಪತ್ರೆ ಬಿಲ್ಲಿಗೆ ಸೈಟ್ ಮಾರಬೇಕು. ಕಾಂಟ್ರಾಕ್ಟ್ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ್ರೆ ಏಜೆಂಟನ ಅಧಿಕಾರ ಅಲ್ಲಿಗೇ ನಿಲ್ಲುತ್ತೆ, ಏಜೆಂಟನಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದ ಪಕ್ಷಕ್ಕೆ ಮಾತ್ರ ವಿನಾಯಿತಿ. ಯಾವ ಹೊತ್ತಿಗೆ ಅದು ಬೇಕಾಗಿ ಬರುತ್ತೋ ಅದೇ ಹೊತ್ತಿಗೆ ಅದು ಕೆಲಸಕ್ಕೆ ಬರಲ್ಲ. ಬುದ್ಧಿ ತಪ್ಪಿದ ಮೇಲೂ ಮುಂದುವರಿಯೋ ಪವರ್ ಆಫ್ ಅಟಾರ್ನಿ ಇಂಗ್ಲೆಂಡಲ್ಲಿದೆ, ನಮ್ಮ ಕಾಯ್ದೆಯಲ್ಲಿ ಇಲ್ಲ.

ಹಾಗಾದ್ರೆ ಗಾರ್ಡಿಯನ್ ಆಗೋಣ ಅಂದ್ರೆ? 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ಕೋರ್ಟ್ ವಿಚಾರಣೆ ಮಾಡಿ ಆಸ್ತಿ ನೋಡ್ಕೊಳ್ಳೋಕೆ ಒಬ್ಬರನ್ನ ನೇಮಿಸೋ ಒಂದು ಅಧ್ಯಾಯವೇ ಇತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆ ವಿಷಯದಲ್ಲಿ ರೋಗಿಯ ಮಾತಿಗೆ ಬೆಲೆ ಕೊಡ್ತು, ಅದು ಬೇಕಾಗಿದ್ದೇ, ಆದ್ರೆ ಆಸ್ತಿಯ ಆ ಅಧ್ಯಾಯಕ್ಕೆ ಬದಲು ಏನೂ ಇಡಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಡಿಸಿ ಇರೋ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತೆ, ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರೋರಿಗೆ ಮಾತ್ರ. ಸ್ಟ್ರೋಕ್ ಆಗಿ ಕೋಮಾದಲ್ಲಿರೋ ತಂದೆಗೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 13ನೇ ಸೆಕ್ಷನ್ನಲ್ಲಿ ಅಂಗವಿಕಲರಿಗೂ ಆಸ್ತಿ, ಹಣಕಾಸಿನಲ್ಲಿ ಎಲ್ಲರ ಸಮಾನ ಹಕ್ಕು ಇದೆ ಅನ್ನುತ್ತೆ, 14ರಲ್ಲಿ ಸೀಮಿತ ಗಾರ್ಡಿಯನ್ ಅಂತ ಇಡುತ್ತೆ, ಅಂದ್ರೆ ಅವರ ಜೊತೆ ಕೂತು ಕೇಳಿ ತೀರ್ಮಾನ ಮಾಡೋರು. ಮಾತು ಅರ್ಥ ಆಗೋರಿಗೆ ಇದು ಬಹಳ ಒಳ್ಳೇ ದಾರಿ, 1872ರ ಕಾಯ್ದೆ ಅವರನ್ನ ಒಂದೇ ಏಟಿಗೆ ಆಚೆ ಇಟ್ಟಿದ್ದಕ್ಕಿಂತ ಎಷ್ಟೋ ಮಾನವೀಯ. ಜೊತೆ ಕೂತು ಕೇಳೋಕೆ ಪ್ರಜ್ಞೆಯೇ ಇಲ್ಲದಿದ್ರೆ?

ಆಗ ಉಳಿಯೋದು ಹೈಕೋರ್ಟು, ಸಂವಿಧಾನದ 226ನೇ ವಿಧಿ ಅಡಿ ರಿಟ್ ಹಾಕಿ ಗಾರ್ಡಿಯನ್ ಮಾಡಿ ಅಂತ ಕೇಳೋದು. ಕೇರಳ ಹೈಕೋರ್ಟ್ 2019ರಲ್ಲಿ ಕೋಮಾದಲ್ಲಿರೋರಿಗೆ ಇದು ಹೇಗೆ ನಡೀಬೇಕು ಅಂತ ಮಾರ್ಗಸೂಚಿ ಹಾಕಿಕೊಟ್ಟಿದೆ: ವೈದ್ಯಕೀಯ ಮಂಡಳಿಯ ವರದಿ, ಆಸ್ತಿಯ ಪಟ್ಟಿ, ಎಲ್ಲಾ ವಾರಸುದಾರರ ವಿವರ, ಆಮೇಲೆ ಕಾಲಕಾಲಕ್ಕೆ ಲೆಕ್ಕ. ಮಂಡ್ಯದ ಹೊರಗಿನ ಹಳ್ಳಿಯಿಂದ ಒಂದು ಎಫ್‌ಡಿ ಮುರಿಯೋಕೆ ಅಥವಾ ಹತ್ತು ಗುಂಟೆ ಮಾರೋಕೆ ಬೆಂಗಳೂರಿಗೆ ಹೋಗಿ ರಿಟ್ ಹಾಕಬೇಕಾದ ಹೆಂಡತಿ ಮಕ್ಕಳ ಪಾಡು ಯೋಚನೆ ಮಾಡಿ. ಮೈನರ್ ಮಗುವಿನ ಸೈಟಿಗೆ ಜಿಲ್ಲಾ ಕೋರ್ಟಿನಲ್ಲೇ ಸಿಗೋ ಅನುಮತಿ ಈ ಮನೆಗಳಿಗೂ ಅದೇ ಕೋರ್ಟಿನಲ್ಲೇ ಸಿಗೋ ಹಾಗೆ ಆಗಬೇಕಾದ್ರೆ ಸಂಸತ್ತೇ 2017ರ ಕಾಯ್ದೆಯಲ್ಲಿ ಬಿಟ್ಟ ಜಾಗ ತುಂಬಬೇಕು. ಅಲ್ಲಿವರೆಗೂ ಇಂಥ ಮನೆಗಳಿಂದ ಜಿಪಿಎ ಮೇಲೆ ಸೈಟ್ ತಗೊಳ್ಳೋರು ಕೇಳಬೇಕಾದ್ದು ಜಿಪಿಎ ರಿಜಿಸ್ಟರ್ ಆಗಿದೆಯಾ ಅಂತ ಮಾತ್ರ ಅಲ್ಲ, ಅದನ್ನ ಬರ್ಕೊಟ್ಟವರು ಈಗ ಹೇಗಿದ್ದಾರೆ ಅಂತಲೂ.